ದೇವಿ ಕೇಳಿದ್ದು, ಸೊಸೆ ಕೇಳಿದ್ದು

ಕಿರಿಮಂಜೇಶ್ವರ ಕಡೆಯ ಒಬ್ಬ ಸೊಸೆಯ ಮೈಮೇಲೆ ದೇವಿ ಬರುತ್ತಿದ್ದಳು. ಬಂದಾಗಲೆಲ್ಲ ಗಡಸು ದನಿಯಲ್ಲಿ "ಈ ಹೆಣ್ಣನ್ನು ತವರಿಗೆ ಕಳಿಸಿ" ಎಂದು ಅಪ್ಪಣೆ. ಮನೆಯವರು ಕೈಮುಗಿದು ಕಳಿಸುತ್ತಿದ್ದರು. ಎಚ್ಚರವಾದ ಮೇಲೆ ಅವಳಿಗೆ ಏನೂ ನೆನಪಿರುತ್ತಿರಲಿಲ್ಲ. ನಾಟಕವಲ್ಲ ಅದು; ನುಂಗಿಕೊಂಡ ಮಾತಿಗೆ ಮನಸ್ಸು ಹುಡುಕಿಕೊಂಡ ದಾರಿ. ಕುಂದಾಪುರದಲ್ಲಿ ಆಪ್ತಸಲಹೆಗಾರ್ತಿಯಾದ ನಾನು ಅವಳ ಜೊತೆ ಕೆಲವು ತಿಂಗಳು ಕೂತು ಮಾತಾಡಿದೆ. ದೇವಿ ಬರುವುದು ನಿಂತಿತು.

ಮೊನ್ನೆ ಅವಳ ಅತ್ತೆ ಒಬ್ಬರೇ ಬಂದರು. ಸಂತೋಷ ಹೇಳಲು ಬಂದಿದ್ದಾರೆಂದುಕೊಂಡೆ.

"ಎಂತ ಮಾಡಿರಿ ಮೇಡಂ? ಈಗ ಸೊಸಿಯೇ ಎದುರು ನಿಂತ್ 'ನಾ ಅಮ್ಮನ ಮನಿಗ್ ಹೋತೆ' ಅಂತ್ ಹೇಳತ್ತ್!"

"ಮುಂಚೆಯೂ ಹೋಗ್ತಿದ್ದಳಲ್ಲ ಅಮ್ಮಾ?"

"ಆಗ ಹೇಳದ್ ದೇವಿ. ಸೊಸಿ ಹೇಳಿರೆ ಕಳ್ಸುಕಾತ್ತಾ? ಇದ್ಕಿಂತ ಹಳೆ ಸೀಕೇ ಅಡ್ಡಿಲ್ಲ ಇದ್ದಿತ್ತ್ ಮಾರ್ರೆ."

ಅವರು ಹೋದ ಮೇಲೆ ಮನೋರೋಗಗಳ ಪಟ್ಟಿಯಿರುವ ನನ್ನ ದಪ್ಪ ಪುಸ್ತಕವನ್ನೆಲ್ಲ ತಿರುವಿ ಹಾಕಿದೆ. ಸೊಸೆಯ ಕಾಯಿಲೆಗೆ ಉದ್ದದ ಹೆಸರಿದೆ. ಅತ್ತೆಯದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ.