ನಿಂತ ಗಾಡಿಯ ಬ್ಯಾಟರಿ

ಕಾರು ಇಟ್ಟುಕೊಂಡವನಿಗೆ ಹೋಗಲಿಕ್ಕೆ ಒಂದು ಊರೂ ಇರಬೇಕು ಎಂಬುದು ನನಗೆ ಹೊಳೆದದ್ದು ಕಾರು ಕೊಂಡ ಮೇಲೆ. ನಮ್ಮ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ತಾಲೂಕಾಗಿದ್ದ ಕಾಲ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಮನೆಯಲ್ಲಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಅದು ಮುಗಿಯುವುದರೊಳಗೆ ಕಾಲೇಜು ಬರುತ್ತಿತ್ತು. ಪೇಟೆ ಅದಕ್ಕಿಂತ ಹತ್ತಿರ. ಇಂಥವನಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಗೆಳೆಯ ಚನ್ನಪ್ಪ ತನ್ನ ಹಳೆಯ ಅಂಬಾಸಡರ್ ಕಾರನ್ನು ದಾಟಿಸಿಬಿಟ್ಟ. ಅವನು ಹೊಸದು ತಂದಿದ್ದ. ನನಗೆ ಬೇಕು ಅಂತ ನಾನು ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಇತಿಹಾಸದ ಮೇಷ್ಟ್ರಿಗೆ ಹಳೆಯ ವಸ್ತು ಎಂದರೆ ಬೇಡ ಅನ್ನುವ ಬಾಯಿ ಇರುವುದಿಲ್ಲ.

ಕಾರು ಬಂದು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿತು. ನಿಂತದ್ದು ನಿಂತೇ ಇತ್ತು. ಯಾರದಾದರೂ ಮದುವೆ ಇದ್ದರೆ, ಇಲ್ಲವೇ ಓಣಿಯಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ ಅದಕ್ಕೆ ಕೆಲಸ. ಆ ಕೆಲಸ ಬಂದ ದಿನ ಕೀಲಿ ತಿರುವಿದರೆ ಒಳಗಿನಿಂದ ಮುದುಕರು ಎದ್ದು ಕೂಡುವಾಗ ಮಾಡುವಂಥ ಒಂದು ಸದ್ದು. ಆಮೇಲೆ ಅದೂ ಇಲ್ಲ. ಹ್ಯಾಂಡಲ್ ಹಾಕಿ ತಿರುವಿ ಚಾಲೂ ಮಾಡುವ ಸೌಕರ್ಯ ಆ ಗಾಡಿಗೆ ಇತ್ತು, ಆದರೆ ಹ್ಯಾಂಡಲ್ ಬ್ಯಾಡಗಿಯಲ್ಲೇ ಉಳಿದಿತ್ತು. ಕೇಳಲು ಹೋದಾಗ ಚನ್ನಪ್ಪ ಅದನ್ನು ಗೋದಾಮಿನ ಹಿಂಬಾಗಿಲಿಗೆ ಅಗುಳಿಯಾಗಿ ಹಾಕಿದ್ದು ನೋಡಿ, ತೆಗೆದುಕೊಂಡರೆ ಬಾಗಿಲು ತೆರೆದುಕೊಳ್ಳುತ್ತದೆ ಎಂದು ಸುಮ್ಮನೆ ಬಂದೆ.

ಹೀಗಾಗಿ ಓಣಿಯವರು ಗಾಡಿ ದಬ್ಬುವುದರಲ್ಲಿ ಪಳಗಿದರು. ಅವರು ದಬ್ಬುವುದು, ನಾನು ಎರಡನೆಯ ಗೇರಿನಲ್ಲಿ ಕ್ಲಚ್ ಬಿಡುವುದು, ಗಾಡಿ ಒಮ್ಮೆ ಜಿಗಿದು ಚಾಲೂ ಆಗುವುದು. ನಾನು ತಿರುಗಿ ನೋಡಿ ಉಪಕಾರ ಹೇಳುವಷ್ಟರಲ್ಲಿ ಮುಂದೆ ಹೋಗಿರುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಚಾರ್ಜ್ ಮಾಡುವ ಈರಣ್ಣನ ಅಂಗಡಿ. ಅಲ್ಲಿ ಸಾಲಾಗಿ ಇಟ್ಟ ಬ್ಯಾಟರಿಗಳು ಸಲೈನ್ ಹಚ್ಚಿಸಿಕೊಂಡ ರೋಗಿಗಳಂತೆ ಮಲಗಿರುತ್ತಿದ್ದವು. ಈರಣ್ಣ ಮಾತುಗಾರ. ಮುಚ್ಚಳ ತೆಗೆದು, ಒಳಗೆ ಇಣುಕಿ, ಡಾಕ್ಟರರಂತೆ ತಲೆ ಅಲ್ಲಾಡಿಸಿ, ಬಂದವರಿಗೆಲ್ಲ ಬೈಯುವುದು ಅವನ ರೂಢಿ.

"ಸರ, ಇದು ಕುಂತು ಕುಂತ ಸಾಯಾಕತ್ತೈತ್ರಿ," ಅಂದ. "ಪ್ಯಾಟಿತನಾ ಹೋಗಿ ಬಂದ್ರ ಏನೂ ತುಂಬೂದಿಲ್ಲ. ಚಾಲೂ ಮಾಡಾಕ ಹೋಗಿದ್ದ ಹೊಳ್ಳಿ ಬರೂದಿಲ್ಲ. ವಾರಕ್ಕೊಮ್ಮೆ ದೂರ ಹೋಗ್ರಿ. ಒಂದ್ ತಾಸರ ಓಡಬೇಕು."

"ಎಲ್ಲಿಗೆ ಹೋಗ್ಲಿ?"

"ಅದನ್ನ ನಾ ಹ್ಯಾಂಗ ಹೇಳ್ಲಿ, ಸರ."

ಹಿಂದಿನ ಅರಸರ ಲಾಯಗಳ ವಿಷಯ ನಾನೇ ಹುಡುಗರಿಗೆ ಪಾಠ ಮಾಡಿದವನು. ಯುದ್ಧವಿಲ್ಲದ ದಿನಗಳಲ್ಲಿ ಕುದುರೆಗಳನ್ನು ಸುಮ್ಮನೆ ಕಟ್ಟಿಹಾಕುತ್ತಿರಲಿಲ್ಲ. ಬೆಳಗ್ಗೆ ಎದ್ದು ಆಳುಗಳು ಅವನ್ನು ತಿರುಗಾಡಿಸಿಕೊಂಡು ಬರುತ್ತಿದ್ದರು. ಕುದುರೆಗೂ ಹೋಗಬೇಕಾದ ಊರು ಇರಲಿಲ್ಲ, ಆಳಿಗೂ ಇರಲಿಲ್ಲ. ಇಬ್ಬರೂ ಹೋಗಿ ಬರುತ್ತಿದ್ದರು. ಇದನ್ನು ಹೇಳುವಾಗ ನಾನೂ ಮುಂದೊಂದು ದಿನ ಅಂಥ ಆಳಾಗುವೆನೆಂದು ನನಗೆ ಅನಿಸಿರಲಿಲ್ಲ.

ಮೊದಲ ರವಿವಾರ ಹೆಂಡತಿ ವಿಮಲಾಳನ್ನು ಕೂರಿಸಿಕೊಂಡು ಬ್ಯಾಡಗಿಗೆ ಹೋದೆ. ಸುಗ್ಗಿಯ ದಿನಗಳು. ಊರು ಮುಟ್ಟುವ ಮೊದಲೇ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ನೋಡಲು ಚಂದ, ಕಣ್ಣು ಹಾಯುವಷ್ಟೂ ಕೆಂಪು ರಾಶಿ. ಆದರೆ ವಿಮಲಾ ಹೋಗುವಾಗ ಸೀನಿದಳು, ಬರುವಾಗಲೂ ಸೀನಿದಳು, ಮನೆಗೆ ಬಂದು, "ಬ್ಯಾಟರಿ ತುಂಬಿರಬೇಕ್ರಿ, ನಾ ಮಾತ್ರ ಖಾಲಿ ಆಗೇನಿ," ಅಂದಳು. ಬೇರೆ ಊರು ಹುಡುಕಬೇಕಾಯಿತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮ ಅವ್ವ ರೊಟ್ಟಿ ಮುರಿಯುತ್ತ ಕೇಳಿದಳು, "ರಾಣೇಬೆನ್ನೂರತನಾ ಹೋದ್ರ ತುಂಬತೈತೇನು, ಬಸೂ?"

"ಚಂದಂಗ ತುಂಬತೈತಿ."

"ಹಂಗಾದ್ರ ಅಲ್ಲಿಗೇ ಹೋಗು. ನಾನೂ ಬರ್ತೇನಿ. ಇಳಿಯೂದಿಲ್ಲ ಮತ್ತ."

ನಾನು ತುತ್ತು ಕೈಯಲ್ಲೇ ಹಿಡಿದು ವಿಮಲಾಳ ಮುಖ ನೋಡಿದೆ. ಅವಳು ಸಾರಿನ ಪಾತ್ರೆಯನ್ನು ನೋಡುತ್ತಿದ್ದಳು.

ರಾಣೇಬೆನ್ನೂರಿನಲ್ಲಿ ಅವ್ವನ ಒಬ್ಬಳೇ ತಂಗಿ, ನನ್ನ ಚಿಗವ್ವ, ಇದ್ದಳು. ಅಜ್ಜಿ ಕೊನೆಯ ದಿನಗಳಲ್ಲಿ ಇದ್ದದ್ದು ಚಿಗವ್ವನ ಮನೆಯಲ್ಲೇ. ಅಜ್ಜಿಗೆ ಜಡ್ಡು ಜೋರಾಗಿದೆ, ಲಗೂ ಬಾ ಎಂದು ಚಿಗವ್ವ ಒಬ್ಬರ ಕೈಯಲ್ಲಿ ಹೇಳಿ ಕಳಿಸಿದ್ದಳು. ಬಸ್ಸು ದಾರಿಯಲ್ಲಿ ಕೆಟ್ಟು, ಆ ಮನುಷ್ಯ ಹಾವೇರಿ ಮುಟ್ಟಿದ್ದು ತಡವಾಯಿತು. ಅವ್ವ ಹೋಗುವಷ್ಟರಲ್ಲಿ ಅವಳಿಗಾಗಿ ಕಾಯದೆ ಮಣ್ಣು ಕೊಟ್ಟು ಎಲ್ಲರೂ ಮನೆಗೆ ಬಂದು ಕೂತಿದ್ದರು. ತಾಯಿಯ ಮುಖ ಕಾಣಲಿಲ್ಲ. ಅವ್ವ ಅಲ್ಲಿ ಜಗಳ ಮಾಡಲಿಲ್ಲ. ಒಂದು ಗುಟುಕು ನೀರೂ ಕುಡಿಯದೆ ಬಸ್ ಸ್ಟ್ಯಾಂಡಿಗೆ ನಡೆದು ಬಂದಳು. ಅಂದಿನಿಂದ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಚಿಗವ್ವನೂ ಹಟದವಳು. ನಾನೇನು ತಪ್ಪು ಮಾಡೇನಿ ಎಂದು ಅವಳೂ ಬಂದಿರಲಿಲ್ಲ. ನಡುವೆ ಮದುವೆ ಮುಂಜಿ ಎಷ್ಟೋ ಆಗಿಹೋದವು. ಇಬ್ಬರೂ ಒಂದೇ ಚಪ್ಪರದಲ್ಲಿ ಬೇರೆ ಬೇರೆ ಪಂಕ್ತಿಗೆ ಉಂಡು ಎದ್ದು ಬರುತ್ತಿದ್ದರು.

ಇಂಥ ಅವ್ವ ರಾಣೇಬೆನ್ನೂರಿಗೆ ಹೊರಟಳು, ಬ್ಯಾಟರಿ ತುಂಬಿಸಲಿಕ್ಕೆ.

ವಿಮಲಾ ನನ್ನ ಪಕ್ಕ, ಅವ್ವ ಹಿಂದೆ. ಊರೊಳಗೆ ಹೋದ ಮೇಲೆ ಹಿಂದಿನ ಸೀಟಿನಿಂದ ಅಪ್ಪಣೆ ಬಂತು. "ಈ ಕಡೆ ಹೊಳ್ಳಸು. ಈ ಓಣ್ಯಾಗ ಗದ್ದಲ ಕಡಿಮಿ." ಹೊಳ್ಳಿಸಿದೆ. "ಇಲ್ಲೆ ಸಾವಕಾಶ ನಡಸು, ತಗ್ಗ ಅದಾವು." ತಗ್ಗು ಒಂದೂ ಇರಲಿಲ್ಲ. ಸಾವಕಾಶ ನಡೆಸಿದೆ. ಎಡಕ್ಕೆ ಚಿಗವ್ವನ ಮನೆ. ಚಿಗವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಾಡಿಯ ಸದ್ದಿಗೆ ಮುಖ ಎತ್ತಿದಳು, ನೋಡಿದಳು, ಮತ್ತೆ ಮೊರಕ್ಕೆ ಬಗ್ಗಿದಳು. ಅವ್ವ ನೆಟ್ಟಗೆ ಮುಂದೆ ನೋಡುತ್ತಿದ್ದಳು. ಓಣಿ ದಾಟಿದ ಮೇಲೆ, "ತೆಳ್ಳಗಾಗ್ಯಾಳ," ಅಂದಳು.

ಮುಂದಿನ ರವಿವಾರವೂ ಅದೇ ಓಣಿ, ಅದೇ ಇಲ್ಲದ ತಗ್ಗುಗಳು. ಚಿಗವ್ವ ಅದೇ ಕಟ್ಟೆಯ ಮೇಲೆ, ಅದೇ ಮೊರ. ಅದರ ಮುಂದಿನ ವಾರ ಅವಳು ಉಟ್ಟದ್ದು ಇಳಕಲ್ ಸೀರೆ. ಜೋಳ ಹಸನು ಮಾಡಲು ಯಾರೂ ಇಳಕಲ್ ಸೀರೆ ಉಡುವುದಿಲ್ಲ ಎಂದು ವಿಮಲಾ ಆಮೇಲೆ ನನಗೆ ತಿಳಿಸಿ ಹೇಳಿದಳು. ನಾನು ಆಗ ದಾರಿ ನೋಡುತ್ತಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಬ್ಯಾಟರಿ ಒಂದೇ. ಅದರ ತುದಿಗಳಿಗೆ ಹತ್ತಿದ ಬಿಳಿ ಬೂಸ್ಟನ್ನು ಬಿಸಿನೀರಿನಲ್ಲಿ ತೊಳೆದು ವ್ಯಾಸಲಿನ್ ಸವರಿದ್ದೆ. ಶುದ್ಧ ನೀರು ತಂದು ಹಾಕಿದ್ದೆ. ಗಾಡಿ ಓಡುವಾಗ ಸ್ಟೇರಿಂಗಿನ ಎದುರಿಗೆ ಒಂದು ಕೆಂಪು ದೀಪ ಹೊತ್ತಿಕೊಳ್ಳತೊಡಗಿದಾಗ, ಬ್ಯಾಟರಿ ತುಂಬುತ್ತಿರುವ ಗುರುತು ಎಂದು ತಿಳಿದು ಸಂತೋಷಪಟ್ಟೆ.

ಹೀಗೆ ಕೆಲವು ವಾರಗಳಾದ ಮೇಲೆ ಒಂದು ರವಿವಾರ ಹೋದಾಗ ಕಟ್ಟೆ ಖಾಲಿ ಇತ್ತು. ಬಾಗಿಲು ಹಾಕಿತ್ತು.

"ನಿಲ್ಲಸು," ಅಂದಳು ಅವ್ವ.

ಅವಳ ದನಿ ಕೇಳಿ ಗಾಬರಿಯಾಗಿ ನಾನು ಕ್ಲಚ್ ಒತ್ತುವುದನ್ನು ಬಿಟ್ಟು ಬ್ರೇಕ್ ಮಾತ್ರ ಒತ್ತಿದೆ. ಗಾಡಿ ಕುಲುಕಿ ಬಂದ್ ಬಿತ್ತು. ಅವ್ವ ಕಿಟಕಿಯಿಂದ ಆ ಬಾಗಿಲನ್ನೇ ನೋಡುತ್ತಿದ್ದಳು. "ಜಡ್ಡಿಲೆ ಮಲಗ್ಯಾಳೇನೋ. ಇಲ್ಲಾ ಊರಾಗ ಇಲ್ಲೇನೋ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ಯಾರನ್ನರ ಕೇಳು, ಬಸೂ. ನಾ ಕೇಳೇನಿ ಅನಬ್ಯಾಡ."

ನಾನು ಮೊದಲು ಕೀಲಿ ತಿರುವಿದೆ. ಮುದುಕರು ಎದ್ದು ಕೂಡುವ ಸದ್ದು. ಮತ್ತೆ ತಿರುವಿದೆ. ಅದೂ ಇಲ್ಲ. ವಾರವಾರ ಓಡಿಸಿ, ತೊಳೆದು, ನೀರು ಕುಡಿಸಿ ಸಾಕಿದ ಬ್ಯಾಟರಿ ಚಿಗವ್ವನ ಬಾಗಿಲ ಮುಂದೆ ಕೈಬಿಟ್ಟಿತ್ತು.

ಪಕ್ಕದ ಹಿಟ್ಟಿನ ಗಿರಣಿಯಿಂದ ಇಬ್ಬರು ದಬ್ಬಲು ಬಂದರು. ಭಾರ ಕಡಿಮೆಯಾಗಲಿ ಎಂದು ವಿಮಲಾ ಇಳಿದಳು. ಇಳಿಯುವುದಿಲ್ಲ ಎಂದಿದ್ದ ಅವ್ವನೂ ಇಳಿಯಲೇಬೇಕಾಯಿತು. ಬಿಸಿಲಲ್ಲಿ ಸೆರಗು ಹೊದ್ದುಕೊಂಡು ದಾರಿಯ ನಡುವೆ ನಿಂತಳು.

ಆಗ ಬಾಗಿಲು ತೆರೆಯಿತು. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಪಂಚೆ ಸುತ್ತಿದ ಚಿಗವ್ವ ಹೊಸ್ತಿಲಲ್ಲಿ ನಿಂತಿದ್ದಳು. ಆರಾಮಾಗಿಯೇ ಇದ್ದಳು. ಒಬ್ಬರನ್ನೊಬ್ಬರು ನೋಡಿದರು. ಗಿರಣಿಯವರು ಕೈ ಗಾಡಿಯ ಮೇಲಿಟ್ಟು ಕಾಯುತ್ತಿದ್ದರು.

"ಅಕ್ಕಾ, ಬಿಸಲಾಗ ಯಾಕ ನಿಂತಿ?" ಅಂದಳು ಚಿಗವ್ವ.

"ಬ್ಯಾಟರಿ ಇಳದೈತಿ."

ಅಷ್ಟು ವರ್ಷಗಳ ಮೇಲೆ ಅವ್ವ ತಂಗಿಗೆ ಆಡಿದ ಮೊದಲ ಮಾತು ಇದು.

"ಒಳಗ ಬಾ."

"ಗಾಡಿ ಚಾಲೂ ಆಗೂತನಾ ಬರ್ತೇನಿ," ಅಂದಳು ಅವ್ವ. ಮೆಟ್ಟಿಲು ಹತ್ತುವಾಗ ಸ್ವಲ್ಪ ತಡೆದಳು. ಚಿಗವ್ವ ಕೈ ಚಾಚಿದಳು. ಅವ್ವ ಅದನ್ನು ಹಿಡಿದುಕೊಂಡು ಒಳಗೆ ಹೋದಳು.

ಗಾಡಿ ನಾಲ್ಕು ಮಾರು ಹೋಗುವುದರೊಳಗೆ ಚಾಲೂ ಆಗಿಬಿಟ್ಟಿತು. ಓಡಿ ಬಂದ ವಿಮಲಾ ನನ್ನ ಪಕ್ಕ ಹತ್ತಿ ಕೂತಳು. "ಹೊಳ್ಳಸಬ್ಯಾಡ್ರಿ. ಈಗರ ಚಾಲೂ ಆಗೇತಿ, ಒಂದ್ ಸುತ್ತ ಓಡಲಿ." ಮಾತು ಸರಿ ಅನಿಸಿತು. ಬಸ್ ಸ್ಟ್ಯಾಂಡು ಸುತ್ತಿ, ಸ್ಟೇಶನ್ನಿನ ಕಡೆ ಹೋಗಿ ಬಂದೆವು. ಓಣಿಯ ತುದಿಗೆ ಬಂದಾಗ, "ಇಷ್ಟರಾಗ ತುಂಬಿರಾಕಿಲ್ರಿ, ಇನ್ನೊಂದ್ ಸುತ್ತ," ಅಂದಳು. ಅವಳಿಗೆ ಬ್ಯಾಟರಿಯಲ್ಲಿ ಇಷ್ಟು ಆಸಕ್ತಿ ಯಾವಾಗ ಬಂತು ಎಂದು ಆಶ್ಚರ್ಯಪಡುತ್ತ ಮತ್ತೆ ಸುತ್ತಿದೆ. ಮೂರನೆಯ ಸಲ ಅಂದಾಗ ಅವಳ ಮುಖ ನೋಡಿದೆ. ಕಿಟಕಿಯ ಆಚೆ ನೋಡುತ್ತ ನಗುತ್ತಿದ್ದಳು. ಆಗ ನನಗೂ ತಿಳಿಯಿತು. ರಾಣೇಬೆನ್ನೂರನ್ನು ಅವತ್ತಿನಷ್ಟು ವಿವರವಾಗಿ ನಾನು ಎಂದೂ ನೋಡಿಲ್ಲ.

ಕೊನೆಗೆ ಚಿಗವ್ವನ ಮನೆಯ ಮುಂದೆ ಬಂದು, ಎಂಜಿನ್ ಬಂದ್ ಮಾಡಿದರೆ ಮತ್ತೆ ದಬ್ಬಿಸಬೇಕಲ್ಲ ಎಂದು ಚಾಲೂ ಇಟ್ಟು, ಅವ್ವನನ್ನು ಕರೆಯಲು ಒಳಗೆ ಹೋದೆ. ನಡುಮನೆಯ ಬಾಗಿಲಲ್ಲೇ ಕಾಲು ನಿಂತವು. ಇಬ್ಬರೂ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ನಡುವೆ ಚಹಾದ ಖಾಲಿ ಬಟ್ಟಲುಗಳು.

"ನಮ್ಮವ್ವ ಕಡೀಕ ಏನರ ತಿಂದ್ಲೇನು?" ಅವ್ವ ಕೇಳುತ್ತಿದ್ದಳು.

"ಒಂದೀಟು ನುಚ್ಚು ಮಜ್ಜಿಗಿ ಕುಡದ್ಲು," ಅಂದಳು ಚಿಗವ್ವ. "ಕಣ್ಣ ಕಾಣಸ್ತಿರಲಿಲ್ಲ. ಗಂಗೀ ಬಂದೀ ಏನ ಅಂತ ಕೇಳಿದ್ಲು. ನಾ ಹೂಂ ಬೇ, ಬಂದೇನಿ ಅಂದೆ. ನನ್ನ ಕೈ ಹಿಡಕೊಂಡ್ಲು. ಹಿಡಕೊಂಡಾಕಿ ಬಿಡಲಿಲ್ಲ."

ಗಂಗವ್ವ ನನ್ನ ಅವ್ವನ ಹೆಸರು.

ಅವ್ವ ನಡುವಿನ ಬಟ್ಟಲುಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಚಲೋ ಮಾಡಿದಿ," ಅಂದಳು. ಮತ್ತೆ ಅದನ್ನೇ ಅಂದಳು, "ಚಲೋ ಮಾಡಿದಿ, ಪಾರೀ." ತಂಗಿಯ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದೊಂದೇ ಬೆರಳನ್ನು ನೀವುತ್ತ ಕೂತಳು.

ನಾನು ಸದ್ದಿಲ್ಲದೆ ಹೊರಗೆ ಬಂದು ಗಾಡಿಯ ಕೀಲಿ ತಿರುವಿ ಬಂದ್ ಮಾಡಿದೆ. ವಿಮಲಾ ಇಳಿದು ಒಳಗೆ ಹೋಗಿ ಅಡಿಗೆಮನೆಯಲ್ಲಿ ಒಲೆ ಹೊತ್ತಿಸಿದಳು. ಅಲ್ಲೇ ಉಂಡೆವು. ಹೊತ್ತು ಇಳಿಯುವ ಮೊದಲು ಗಿರಣಿಯವರು ಮತ್ತೊಮ್ಮೆ ದಬ್ಬಿಕೊಟ್ಟರು. ಚಿಗವ್ವನೂ ಒಂದು ಕೈ ಹಚ್ಚಿದಳು.

ಮರುದಿನ ಈರಣ್ಣ ನೋಡಿ, ಬ್ಯಾಟರಿ ತುಂಬೂ ಡೈನಮೋ ಕೆಟ್ಟು ಎಷ್ಟೋ ದಿನ ಆಗೇತಿ, ಕೆಂಪು ದೀಪ ಹತ್ತೂದು ಅದನ್ನ ಹೇಳಾಕ್ರಿ ಸರ, ಅಂದ. ಬೈದ. ನನಗೆ ಬೇಸರ ಆಗಲಿಲ್ಲ. ಡೈನಮೋ ಸರಿಮಾಡಿಸಿ, ಬ್ಯಾಟರಿ ಭರ್ತಿ ತುಂಬಿಸಿ, ರವಿವಾರ ಬೆಳಗ್ಗೆ ಗಾಡಿ ಒರೆಸಿ ಸಜ್ಜು ಮಾಡಿದೆ. ಅವ್ವನ ಸುಳಿವಿಲ್ಲ. ವಿಚಾರಿಸಿದರೆ ಮೊದಲ ಬಸ್ಸಿಗೇ ರಾಣೇಬೆನ್ನೂರಿಗೆ ಹೋಗಿದ್ದಳು. "ಅವನ ಗಾಡಿ ನಂಬಿದ್ರ ಮುಂಜಾನಿದ್ದ ದಬ್ಬೂದ ಆಕ್ಕೈತಿ ಅಂದ್ರು," ಎಂದು ವಿಮಲಾ ವರದಿ ಒಪ್ಪಿಸಿದಳು. ಅಂದಿನಿಂದ ಅವ್ವ ಬಸ್ಸಿನ ಗಿರಾಕಿ. ಹೋದರೆ ಎರಡು ದಿನ ಇದ್ದು ಬರುವಳು. ಚಿಗವ್ವ ಬಂದರೆ ವಾರ ಇರುವಳು. ನನ್ನ ಗಾಡಿಗೆ ಇದ್ದ ಒಂದು ಊರೂ ಹೋಯಿತು.

ಬೇಸಿಗೆಗೆ ಚಿಗವ್ವ ಬಂದಾಗ ಬ್ಯಾಟರಿ ಮತ್ತೆ ಸತ್ತಿತ್ತು. ಅದನ್ನು ಬಿಚ್ಚಿಕೊಂಡು ಈರಣ್ಣನ ಬಳಿ ಹೋಗೋಣವೆಂದು ನಟ್ಟು ತಿರುವುವ ಪಾನಾ ಹಿಡಿದು ಹೊರಗೆ ಬಂದೆ. ಗಾಡಿಯ ನಾಲ್ಕೂ ಬಾಗಿಲು ತೆರೆದಿದ್ದವು. ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರಿಬ್ಬರೂ ಕಾಲು ಮೇಲಿಟ್ಟುಕೊಂಡು ಎದುರುಬದುರು ಕೂತು, ನಡುವೆ ಬುಟ್ಟಿ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನೆರಳಿತ್ತು, ಗಾಳಿ ಆಡುತ್ತಿತ್ತು, ಸೀಟು ಮೆತ್ತಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ನೆರೆಮನೆಯವರು, "ಎಲ್ಲಿಗೆ ಹೊಂಟೀರಿ, ಗಂಗವ್ವಾರ?" ಎಂದು ಕೇಳಿದರು.

"ಎಲ್ಲಿಗೂ ಇಲ್ರಿ. ಮುಟ್ಟೇವಿ," ಅಂದಳು ಅವ್ವ.

ನಾನು ಪಾನಾ ಒಳಗಿಟ್ಟು, ಬುಟ್ಟಿಯಿಂದ ಒಂದು ಗಡ್ಡೆ ಬೆಳ್ಳುಳ್ಳಿ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತೆ.