ವಾಗ್ದಾನದ ಚೀಟಿ

ಎಪ್ಪತ್ತರ ದಶಕದಲ್ಲಿ, ತುಮಕೂರಿನ ನಮ್ಮ ಚರ್ಚಿನಲ್ಲಿ ಹೊಸ ವರ್ಷದ ಬೆಳಿಗ್ಗೆ ಎಲ್ಲರೂ ತಟ್ಟೆಯಿಂದ ಒಂದೊಂದು ಚೀಟಿ ಎತ್ತಿಕೊಳ್ಳುತ್ತಿದ್ದರು. ಅದರಲ್ಲಿರುವ ಬೈಬಲ್ ವಚನವೇ ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು ಎಂಬ ನಂಬಿಕೆ. ಚೀಟಿ ಬರೆಯುತ್ತಿದ್ದವನು ನಾನು. ನನ್ನ ಅಕ್ಷರ ದುಂಡಗಿದೆ ಎಂಬ ಜಂಬ ಬೇರೆ. ಆ ಮಾತನ್ನು ಯಾರು, ಯಾರಿಗೆ ಹೇಳಿದ್ದು ಎಂದು ಬರೆಯಲು ಜಾಗವಿಲ್ಲವೆಂದು ಸಿಹಿಯಾದ ಸಾಲನ್ನಷ್ಟೇ ಕತ್ತರಿಸಿ ಬರೆಯುತ್ತಿದ್ದೆ.

ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿಲ್ಲದ ನನ್ನ ತಂಗಿ ಒಂದು ವರ್ಷ ಗುಬ್ಬಿಯಿಂದ ಬಂದು ಚೀಟಿ ಎತ್ತಿದಳು. ಮುಂದಿನ ವರ್ಷ ಇಷ್ಟು ಹೊತ್ತಿಗೆ ನಿನ್ನ ಮಡಿಲಲ್ಲಿ ಮಗನಿರುತ್ತಾನೆ ಎಂದಿತ್ತು. ಅವಳು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟಳು. ಕುಲಾವಿ ಹೆಣೆದಳು, ತೊಟ್ಟಿಲು ತರಿಸಿದಳು. ಆ ಮಾತು ಬೇರೆ ಯಾರಿಗೋ ಹೇಳಿದ್ದೆಂದು ಗೊತ್ತಿದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮರುವರ್ಷ ಅವಳು ತಟ್ಟೆಗೆ ಕೈ ಹಾಕಲಿಲ್ಲ. ಹಳೆಯ ಚೀಟಿಯನ್ನು ನನ್ನ ಮುಂದೆ ಹಿಡಿದಳು.

"ಇದು ಯಾರಿಗೆ ಹೇಳಿದ್ದಣ್ಣ?"

"ಹಿಂದಿನ ಕಾಲದಲ್ಲಿ ಒಬ್ಬ ಪ್ರವಾದಿ, ತನಗೆ ಊಟ ಹಾಕಿದ ಹೆಂಗಸಿಗೆ ಹೇಳಿದ್ದು ಕಣಮ್ಮ. ಅಷ್ಟೆಲ್ಲ ಬರೆಯಕ್ಕೆ ಜಾಗ ಇರ್ಲಿಲ್ಲ."

ಅವಳು ಚೀಟಿಯನ್ನು ತಿರುಗಿಸಿ ನೋಡಿದಳು.

"ಈ ಕಡೆ ಪೂರ್ತಿ ಖಾಲಿ ಇತ್ತಲ್ಲಣ್ಣ."