ಗಡಿಪಾರಿನ ಕಥೆ ಕೇಳುತ್ತ ಸ್ಯಾನ್ ಫ್ರಾನ್ಸಿಸ್ಕೋಗೆ

ಮಿಲ್ಪಿಟಾಸಿನಲ್ಲಿರುವ ತಂಗಿ ಸುಧಾಳ ಮನೆಯಿಂದ ಹೊರಟಾಗ ಬೆಳಗಿನ ಏಳು ಗಂಟೆ. ಕ್ಯಾಲಿಫೋರ್ನಿಯದ ಜುಲೈ ಎಂದರೆ ಬಿಸಿಲೆಂದು ನಂಬಿ ವಾಯಿಲ್ ಸೀರೆ ಉಟ್ಟಿದ್ದ ನನಗೆ ಅವಳು ಬೈಯುತ್ತಲೇ ತನ್ನ ಸ್ವೆಟರ್ ತೊಡಿಸಿದಳು. ಕಾರಿನ ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಹೂಷಂಗ್ ಸಾಹೇಬರು ಮತ್ತು ಅವರ ಮಗಳು ಮೀನಾ ಕುಳಿತಿದ್ದರು. ಇರಾನಿನ ಬಹಾಯಿ ಧರ್ಮದವರು. 1979ರ ಕ್ರಾಂತಿಯಾದ ಮೇಲೆ ಊರು ಬಿಟ್ಟು ಬಂದು ಅಮೆರಿಕದಲ್ಲಿ ಆಶ್ರಯ ಕೇಳಿದ್ದರು. ಅವತ್ತು ಹತ್ತು ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೋದ ವಲಸೆ ಕಚೇರಿಯಲ್ಲಿ ಸಾಹೇಬರ ಸಂದರ್ಶನ. ಅದು ಕೆಟ್ಟರೆ ಅವರನ್ನು ಇರಾನಿಗೇ ವಾಪಸು ಕಳಿಸಬಹುದಿತ್ತು.

“ಅಕ್ಕಾ, ನನಗ ಹಾಸ್ಪಿಟಲ್‌ನಾಗ ಡ್ಯೂಟಿ ಐತಿ. ಮೀನಾ ಒಬ್ಬಾಕಿನ ಹೆದರ್ಯಾಳ, ನೀ ಜೋಡಿ ಹೋಗು. ಫ್ರೀವೇ ಟ್ರಾಫಿಕ್ಕಿನಾಗ ಸಿಕ್ಕೊಂಡ್ರ ಹತ್ತಕ್ಕ ಮುಟ್ಟೂದಿಲ್ಲ, ಬಾರ್ಟ್ ರೈಲು ಹಿಡೀರಿ,” ಎಂದು ಸುಧಾ ನಮ್ಮನ್ನು ಫ್ರೀಮಾಂಟ್ ಸ್ಟೇಷನ್ನಿಗೆ ಬಿಟ್ಟಳು.

ರೈಲಿನಲ್ಲಿ ತಿನ್ನುವಂತಿಲ್ಲ ಎಂದು ಗೊತ್ತಾಗಿ ಪಾರ್ಕಿಂಗ್ ಜಾಗದಲ್ಲೇ ಡಬ್ಬಿ ಬಿಚ್ಚಿದೆ. ಶೇಂಗಾ ಹೋಳಿಗೆ ಮುಂದೆ ಹಿಡಿದರೆ ಸಾಹೇಬರು ಎದೆಯ ಮೇಲೆ ಕೈಯಿಟ್ಟು ಬೇಡವೆಂದರು. ಮತ್ತೆ ಕೊಟ್ಟೆ, ಮತ್ತೆ ಬೇಡವೆಂದರು. ಮೂರನೆಯ ಸಲ ಎರಡು ತಿಂದರು! ಒಮ್ಮೆಲೇ ಹೂಂ ಎನ್ನುವುದು ತಮ್ಮಲ್ಲಿ ಮರ್ಯಾದೆಯಲ್ಲ ಎಂದು ಮೀನಾ ನಕ್ಕಳು. ಧಾರವಾಡದಲ್ಲಿ ನಾವು ಮಾಡುವುದೂ ಅದೇ. ನನಗೆ ಆ ಮುದುಕರ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು.

ಟಿಕೆಟ್ಟು ಎರಡು ಡಾಲರಿನ ಆಸುಪಾಸು, ದಾರಿ ಮುಕ್ಕಾಲು ಗಂಟೆಯದು. ಇಪ್ಪತ್ತಾರು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವಳು ನಾನು, ಆದರೆ ಇವರ ಧರ್ಮದಲ್ಲಿ ಯಾವುದೋ ಗಡಿಪಾರಿನ ಕಥೆಯಿದೆ ಎಂದು ಸುಧಾ ಹೇಳಿದ್ದು ಬಿಟ್ಟರೆ ಇವರ ಇತಿಹಾಸದ ಗಂಧಗಾಳಿಯೂ ನನಗಿರಲಿಲ್ಲ. “ನಿಮ್ಮ ಧರ್ಮದ ಮೂಲಪುರುಷರನ್ನು ಯಾಕೆ ಗಡಿಪಾರು ಮಾಡಿದರು?” ಎಂದು ನೇರವಾಗಿ ಕೇಳಿದೆ. ಸಾಹೇಬರು ಫಾರಸಿಯಲ್ಲಿ ಹೇಳಿದರು, ಮೀನಾ ಇಂಗ್ಲಿಷಿಗೆ ತಂದಳು.

ಹತ್ತೊಂಬತ್ತನೆಯ ಶತಮಾನದ ಮಾತು. ಇವರ ಮೂಲಪುರುಷರು ಇಬ್ಬರು; ದೇವರ ಹೊಸ ಸಂದೇಶ ಬಂದಿದೆ ಎಂದು ಒಬ್ಬರ ನಂತರ ಒಬ್ಬರು ಸಾರಿದರು. ತಮ್ಮ ಪ್ರವಾದಿಯೇ ಕೊನೆಯವರು ಎಂದು ನಂಬಿದ್ದ ಮುಲ್ಲಾಗಳಿಗೆ ಅದು ಧರ್ಮದ್ರೋಹ, ರಾಜನಿಗೆ ದಂಗೆಯ ಭಯ. ಮೊದಲನೆಯವರನ್ನು ಗುಂಡಿಟ್ಟು ಕೊಂದರು. ಆ ಸಂಕಟದಲ್ಲಿ ಅವರ ಅನುಯಾಯಿಗಳಾದ ಕೆಲವು ಹುಡುಗರು ರಾಜನ ಮೇಲೆ ಗುಂಡು ಹಾರಿಸಿದರು, ಶಿಕ್ಷೆ ಇಡೀ ಸಮುದಾಯಕ್ಕಾಯಿತು. ಎರಡನೆಯವರನ್ನು ನೆಲದಡಿಯ ಸೆರೆಯಲ್ಲಿಟ್ಟರು. ಸಂಚಿನಲ್ಲಿ ಅವರ ಕೈವಾಡ ಸಾಬೀತಾಗಲಿಲ್ಲ, ಆದರೂ ಊರಲ್ಲಿಟ್ಟುಕೊಳ್ಳಲು ಧೈರ್ಯವಿಲ್ಲದೆ ತುರ್ಕಿಯ ಆಳ್ವಿಕೆಯಲ್ಲಿದ್ದ ಬಾಗ್ದಾದಿಗೆ ಅಟ್ಟಿದರು. ಅಲ್ಲಿಯೂ ಜನ ಅವರ ಬಳಿ ಸೇರಿದರು. ಗಡಿಗೆ ಇಷ್ಟು ಹತ್ತಿರ ಬೇಡವೆಂದು ಇರಾನ್ ಒತ್ತಡ ಹಾಕಿತು. ತುರ್ಕಿಯ ಸುಲ್ತಾನ ಇಸ್ತಾಂಬುಲಿಗೆ ಕರೆಸಿದ, ಅಲ್ಲಿಂದ ಎಡಿರ್ನೆಗೆ, ಕೊನೆಗೆ ಸಮುದ್ರದಂಡೆಯ ಆಕ್ಕಾ ಕೋಟೆಯ ಸೆರೆಗೆ.

“ಕೆಂಡ ಆರಿಸಲು ಅದನ್ನು ಮನೆಯಿಂದ ಮನೆಗೆ ಒಯ್ದರಲ್ಲ ಪುಣ್ಯಾತ್ಮರು!” ಎಂದೆ. ಮೀನಾ ಅದನ್ನು ಫಾರಸಿಗೆ ತಂದಾಗ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ರೈಲು ಕೊಲ್ಲಿಯ ಅಡಿಯ ಸುರಂಗ ಹೊಕ್ಕಿತು, ನಾನು ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕಚೇರಿಯಲ್ಲಿ ನನ್ನನ್ನೂ ಮನೆಯವಳೆಂದುಕೊಂಡು ಒಳಗೆ ಬಿಟ್ಟರು. ಅಧಿಕಾರಿ ನಡುವಯಸ್ಸಿನ ಹೆಂಗಸು. “ನಿಮ್ಮ ದೇಶದಲ್ಲಿ ನಿಮಗೇನು ತೊಂದರೆಯಾಯಿತು?” ಎಂದು ಕೇಳಿದಳು. ಸಾಹೇಬರು ಎದೆಯ ಮೇಲೆ ಕೈಯಿಟ್ಟು ಬಾಗಿದರು. “ಅಂಥದ್ದೇನಿಲ್ಲ. ನಮ್ಮ ಹಿರಿಯರು ಪಟ್ಟದ್ದರ ಮುಂದೆ ನನ್ನದೇನು?”

ಮೀನಾ ಹೆದರುತ್ತಲೇ ಅದನ್ನು ಇಂಗ್ಲಿಷಿಗೆ ತಂದಳು. ಅಧಿಕಾರಿ ಮತ್ತೊಮ್ಮೆ ಕೇಳಿದಳು, ಮತ್ತೆ ಅದೇ ಉತ್ತರ. ಅವಳು ಪೆನ್ನು ಕೆಳಗಿಟ್ಟಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನನಗೆ ಬಂದ ಇಂಗ್ಲಿಷಿನಲ್ಲಿ, “ಅಮ್ಮಾ, ಇನ್ನೊಂದು ಸಲ ಕೇಳಿ. ಎರಡು ಸಲ ಇಲ್ಲವೆನ್ನುವುದು ಇವರಲ್ಲಿ ಮರ್ಯಾದೆ, ನಮ್ಮೂರಲ್ಲೂ ಹಾಗೇ,” ಎಂದೆ. ಅವಳು ನನ್ನನ್ನು ದಿಟ್ಟಿಸಿದಳು, ಪೆನ್ನು ಎತ್ತಿಕೊಂಡು ಮತ್ತೆ ಕೇಳಿದಳು.

ಈ ಸಲ ಸಾಹೇಬರು ಮಾತಾಡತೊಡಗಿದರು. ಏಳು ತಿಂಗಳು ಜೈಲಿನಲ್ಲಿಟ್ಟಿದ್ದರಂತೆ. ವಾರಕ್ಕೊಮ್ಮೆ ಒಂದು ಕಾಗದ ಮುಂದಿಡುತ್ತಿದ್ದರಂತೆ: ‘ನಾನು ಬಹಾಯಿ ಅಲ್ಲ’ ಎಂದು ಬರೆದು ಸಹಿ ಮಾಡು, ಮನೆಗೆ ಹೋಗು. ಸಹಿ ಮಾಡಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಇವರ ತಮ್ಮನೂ ಮಾಡಲಿಲ್ಲ, ಅವನನ್ನು ಕೊಂದರು.

ಅನುವಾದಿಸುತ್ತಿದ್ದ ಮೀನಾ ನಡುವೆಯೇ ನಿಂತುಬಿಟ್ಟಳು. ಅಪ್ಪ ಜೈಲಿನಲ್ಲಿದ್ದಾಗ ಅವಳು ಬೇರೆ ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಅಪ್ಪ ತೋಟದ ಕೆಲಸಕ್ಕೆ ಹೋಗಿದ್ದಾರೆ, ಚಿಕ್ಕಪ್ಪ ಕಾಯಿಲೆಯಿಂದ ಸತ್ತರು ಎಂದೇ ಅವಳಿಗೆ ಹೇಳಿದ್ದರು. ಅಧಿಕಾರಿ ಎದ್ದು ಹೋಗಿ ನೀರು ತಂದುಕೊಟ್ಟಳು. ನೀರು ಕುಡಿದು ಹುಡುಗಿ ಒಂದು ಮಾತೂ ಬಿಡದೆ ಕೊನೆಯವರೆಗೆ ಅನುವಾದಿಸಿದಳು.

ಮೂರು ವಾರದ ಮೇಲೆ ಆಶ್ರಯ ಸಿಕ್ಕ ಪತ್ರ ಬಂತು, ಸುಧಾ ಇಡೀ ಬೀದಿಗೆ ಸಿಹಿ ಹಂಚಿದಳು. ಆದರೆ ನನ್ನ ಮನಸ್ಸಿನಲ್ಲಿ ಕೂತಿರುವುದು ಅವತ್ತಿನ ವಾಪಸು ರೈಲು. ಮೀನಾ ಅಪ್ಪನ ತೋಳು ಹಿಡಿದು ಕುಳಿತಿದ್ದಳು. ಓಕ್ಲಂಡ್ ದಾಟಿದ ಮೇಲೆ ಅವರನ್ನೇನೋ ಕೇಳಿದಳು, ಅವರು ಮೆಲ್ಲಗೆ ಉತ್ತರಿಸಿದರು. ಅವಳು ನನ್ನತ್ತ ತಿರುಗಿದಾಗ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ.

“ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ, ಆಂಟೀ. ‘ಆ ವರ್ಷ ನಿನಗೆ ಪರೀಕ್ಷೆ ಇತ್ತಲ್ಲ’ ಅಂದರು.”